ಓಬಕ್ಕನ ತಲೆಯ ಮೇಲಿನ ಬಲ್ಬು

ಓಬಕ್ಕನ ಕಣ್ಣು ಮಂದವಾಗಿರಲಿಲ್ಲ. ಅವಳ ತಲೆಯ ಮೇಲಿನ ಬೆಳಕನ್ನು ಮಂದ ಮಾಡಿದವನು ನಾನು — ಹತ್ತು ವರ್ಷ ಈ ಮಾತನ್ನು ನುಂಗಿಕೊಂಡೇ ಇದ್ದೆ.

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯ ಒಂದು ಶೇಂಗಾ ಮಿಲ್ಲಿನಲ್ಲಿ ನಾನು ಮೇಸ್ತ್ರಿ. ಬೀಜ ಆರಿಸುವ ಕೊಠಡಿಗೆ ಕಿಟಕಿ ಇರಲಿಲ್ಲ. ಹೆಂಗಸರು ಎರಡು ಸಾಲಾಗಿ ಕೂತು, ಹಳದಿ ಬಲ್ಬುಗಳ ಕೆಳಗೆ ಕಲ್ಲು, ಕೆಟ್ಟ ಬೀಜ ತೆಗೆಯಬೇಕು. ಬೆಳಕು ಹೆಚ್ಚಿದರೆ ಕೆಲಸವೂ ಹೆಚ್ಚುತ್ತದೆ ಎಂಬ ವಿಚಾರ ತಲೆಗೆ ಹೊಕ್ಕಿದ್ದೇ ತಡ, ನನಗೆ ಊಟವೂ ರುಚಿಸದಾಯಿತು. ಮಿಲ್ಲಿನ ಸಾಹುಕಾರರಿಗೆ ಹೇಳಿದೆ; ನಕ್ಕರು. ಒಂದು ಸಾಲಿಗಷ್ಟೇ ಟ್ಯೂಬ್‌ಲೈಟ್ ಹಾಕು, ಫರಕು ಕಂಡರೆ ಮುಂದೆ ನೋಡೋಣ ಎಂದರು.

ಟ್ಯೂಬ್‌ಲೈಟ್ ಮಿನುಗಿ ಮಿನುಗಿ ಹೊತ್ತಿಕೊಂಡ ಆ ಬೆಳಿಗ್ಗೆ! ಹೆಂಗಸರು ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಂಡರು. ಮೊರದಲ್ಲಿ ಒಂದೊಂದು ಬೀಜವೂ ಎದ್ದು ಕಾಣುತ್ತಿತ್ತು. ಬೆರಳುಗಳು ಓಡತೊಡಗಿದವು, ನಗು ಹೆಚ್ಚಿತು — ನಾನಂತೂ ಕೂತಲ್ಲಿ ಕೂರಲಿಲ್ಲ, ಸಾಲಿನುದ್ದಕ್ಕೂ ಓಡಾಡಿದ್ದೇ ಓಡಾಡಿದ್ದು.

ಆದರೆ ಎದುರು ಸಾಲಿನಲ್ಲಿ ಮೊಳಕಾಲ್ಮುರು ಕಡೆಯ ಓಬಕ್ಕ ಇದ್ದಳು. ಹಳೆಯ ಬೆಳಕಿನಲ್ಲೇ ಹೊಸ ಸಾಲಿನವರಿಗೆ ಸರಿಸಮನಾಗಿ ಆರಿಸುತ್ತಿದ್ದಳು. ಅವಳನ್ನು ನೋಡಿ ಪಕ್ಕದವರೂ ಚುರುಕಾದರು. ಫರಕು ಇತ್ತು, ನಿಜ... ಸಾಹುಕಾರರ ಕಣ್ಣು ಕುಕ್ಕುವಷ್ಟಲ್ಲ. ಸಂಜೆ ಅವರು ನೋಡಲು ಬರುವವರಿದ್ದರು. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಏಣಿ ಹತ್ತಿ, ಅವಳ ಮೇಲಿನ ಬಲ್ಬು ಬಿಚ್ಚಿ, ಅದಕ್ಕಿಂತ ಮಂದವಾದದ್ದನ್ನು ಹಾಕಿದೆ. ಹೆದರಿಕೆಯಾಗಲಿಲ್ಲ, ಗೆದ್ದೇಬಿಟ್ಟೆ ಎಂಬ ಹುಮ್ಮಸ್ಸಿನಲ್ಲಿ ಏಣಿ ಇಳಿದೆ. ಬಿಸಿಲಿನಿಂದ ಒಳಗೆ ಬಂದ ಓಬಕ್ಕ ಕಣ್ಣುಜ್ಜಿಕೊಂಡು ಕೂತಳು.

ಗೆದ್ದೆ. ಸಂಜೆ ಅವಳ ರಾಶಿಯಲ್ಲಿ ಸಾಹುಕಾರರಿಗೆ ಕಲ್ಲು ಸಿಕ್ಕಿತು. ಕೊಠಡಿಗೆಲ್ಲ ಟ್ಯೂಬ್‌ಲೈಟ್ ಹಾಕಿಸಲು ಅಲ್ಲೇ ಒಪ್ಪಿದರು. ಕಣ್ಣು ಕಾಣದವಳು ನಾಳೆಯಿಂದ ಬರುವುದು ಬೇಡ ಎಂದೂ ಹೇಳಿದರು.

"ಬೆಳಗ್ಗೆ ಚೆನ್ನಾಗಿ ಕಾಣ್ತಿತ್ತು ಮೇಸ್ತ್ರಿ. ಈಗ ಏನಾತೋ ಗೊತ್ತಾಗ್ತಿಲ್ಲ," ಅಂದಳು ಓಬಕ್ಕ. ನಾನು ಅವಳ ಮೊರವನ್ನೆತ್ತಿ ಬದಿಗಿಟ್ಟೆ. ಮರುವಾರ ಕೊಠಡಿ ಹಗಲಿನಂತೆ ಬೆಳಗಿತು, ಎಲ್ಲರೂ ನನ್ನನ್ನು ಹೊಗಳಿದರು, ನಾನು ಹಿಗ್ಗಿದೆ.

ಹತ್ತು ವರ್ಷದ ಮೇಲೆ ಮೊಳಕಾಲ್ಮುರು ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಮಿಲ್ಲು ಬಿಟ್ಟ ಮೇಲೆ ಕೌದಿ ಹೊಲಿಯುವುದನ್ನೂ ಬಿಟ್ಟಳಂತೆ. ಕಣ್ಣು ಹೋದವಳಿಗೆ ಸೂಜಿ ಯಾಕೆ ಎಂದು ತಾನೇ ತೀರ್ಮಾನಿಸಿಕೊಂಡಿದ್ದಳು. ಅಲ್ಲೇ, ಜನರ ನಡುವೆಯೇ, ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. ಇಷ್ಟೇ ಕೇಳಿದಳು: "ಹಂಗಾರೆ ಆವತ್ತು ನನ್ನ ಕಣ್ಣು ಚೆನ್ನಾಗೇ ಇದ್ವಾ?"

"ಇದ್ವು, ಓಬಕ್ಕ."

ಬಸ್ಸು ಬಂತು. ಹತ್ತಿಸಲೆಂದು ನಾನು ಕೈ ಚಾಚಿದೆ.

"ಬ್ಯಾಡ. ಕಾಣ್ತೈತೆ," ಅಂದು ತಾನೇ ಮೆಟ್ಟಿಲು ಹತ್ತಿದಳು.