ಕಾಳು ತುಂಬಿದ ಬೀನ್ಸ್

ಅಮೆರಿಕದ ಸ್ಟರ್ಲಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿಗೆ ಆತುರವೆಂಬುದೇ ಇರಲಿಲ್ಲ. ತೊಂಬತ್ತೇಳನೇ ಇಸವಿಯಲ್ಲಿ ವಿಶ್ವವಿದ್ಯಾಲಯವೊಂದು ಮನೆತೋಟದವರಿಗೆ ಎರಡು ತಳಿಯ ಬೀನ್ಸ್ ಬೀಜ ಕಳಿಸಿ, ಯಾವುದರ ಫಸಲು ಹೆಚ್ಚೆಂದು ತೂಗಿ ತಿಳಿಸಲು ಕೇಳಿತ್ತು. ಕಾಯಿ ಎಳೆಯದಾಗಿರುವಾಗಲೇ ಕೀಳಬೇಕೆಂಬುದು ನಿಯಮ. ಅವರ ಪರವಾಗಿ ತೂಕ ಬರೆದಿಡುತ್ತಿದ್ದ ನಾನು ಶನಿವಾರ ತಕ್ಕಡಿ ಹಿಡಿದು ಹೋದರೆ ಆಂಟಿ ಕಾಯಿಯೊಂದನ್ನು ಬೆರಳಲ್ಲಿ ಒತ್ತಿ ನೋಡಿ, "ತಡಿಯೋ, ಕಾಳು ತುಂಬಲಿ" ಎನ್ನುತ್ತಿದ್ದರು. ಜುಲೈ ಹನ್ನೆರಡರ ನನ್ನ ಡೈರಿಯಲ್ಲಿ ಎರಡೂ ತಳಿಯ ಸಾಲಿಗೆ ತೂಕ ಸೊನ್ನೆ ಎಂದಿದೆ.

"ಹೀಗಾದ್ರೆ ರಿಸಲ್ಟ್ ರಿಜೆಕ್ಟ್ ಮಾಡ್ತಾರೆ ಆಂಟಿ. ಮುಂದಿನ ವರ್ಷ ಬೀಜ ಕಳ್ಸಲ್ಲ."

ಅವರ ಮುಖ ಸಪ್ಪಗಾಯಿತು. ಆ ಬೀಜದ ಪೊಟ್ಟಣಕ್ಕಾಗಿ ಚಳಿಗಾಲವಿಡೀ ಕಾದಿದ್ದರು. "ಮತ್ತೆ ಹುಳಿಗೆ ಬರೀ ಸಿಪ್ಪೆ ಹಾಕ್ಲೇನೋ?"

ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದಿಂದ ಒಬ್ಬಾತ ತೋಟ ನೋಡಲು ಬಂದ. ಉಬ್ಬಿದ ಕಾಯಿಗಳನ್ನು ಕಂಡು, ಇದು ನಡೆಯದೆಂದು ತಲೆಯಾಡಿಸಿದ. ಆಂಟಿ ವಾದಿಸದೆ ಅನ್ನ, ಹುಳಿ ಬಡಿಸಿದರು. ಎರಡನೇ ಸಲ ಬಡಿಸಿಕೊಂಡ ಮೇಲೆ ಆತ, ಈ ಕಾಳು ಯಾವ ಸಾಲಿನದೆಂದು ಕೇಳಿ ಬರೆದುಕೊಂಡ.

ಮರುವರ್ಷ ಮಾರ್ಚ್‌ನಲ್ಲಿ ಎರಡರ ಬದಲು ಮೂರು ಪೊಟ್ಟಣ ಬಂದವು. ಮೂರನೆಯದರ ಮೇಲೆ ಆತ ಇಂಗ್ಲಿಷಿನಲ್ಲಿ ಬರೆದಿದ್ದ: ಇದನ್ನು ಕಾಳು ತುಂಬಿದ ಮೇಲೆ ತೂಗಿ.

ನಾನು ಓದಿ ಹೇಳಿದೆ. ಆಂಟಿ ಪೊಟ್ಟಣವನ್ನು ಕಿವಿಯ ಬಳಿ ಅಲ್ಲಾಡಿಸಿ ನಕ್ಕರು.

"ಒಂದೂಟಕ್ಕೆ ಅವ್ನಿಗೆ ಅರ್ಥ ಆಯ್ತು. ನೀನು ಬೇಸಿಗೆಯೆಲ್ಲಾ ತಿಂದ್ಯಲ್ಲೋ."