ಐದು ನಿಮಿಷದ ದುಬೈ

ಅಣ್ಣ ಪ್ರತಿ ಮಂಗಳವಾರ ಜೈಲಿನಿಂದ ಫೋನ್ ಮಾಡುತ್ತಾನೆ. ಐದು ನಿಮಿಷಕ್ಕೆ ತಾನಾಗಿಯೇ ಕಟ್ ಆಗುತ್ತದೆ. ಪ್ರತಿ ಕರೆಯ ತಾರೀಖು, ಅವನು ಕೇಳಿದ್ದು, ನಾವು ಹೇಳಿದ್ದು, ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮೊದಲ ಹನ್ನೊಂದು ಕರೆಗಳ ಪುಟ ತೆರೆದರೆ ಇವತ್ತಿಗೂ ಮೈ ಉರಿಯುತ್ತದೆ.

ವಾಡಿ ಸ್ಟೇಷನ್ನಿನ ಹೊರಗೆ ನಡೆದ ಹೊಡೆದಾಟದಲ್ಲಿ ಅವನನ್ನು ಹಿಡಿದರು. ಚಿತ್ತಾಪುರದಲ್ಲಿ ಕೇಸು ನಡೆಯುತ್ತಿದೆ. ಶಹಾಬಾದಿನ ನಮ್ಮ ಓಣಿಗೆ ಮಾತ್ರ ಅವನು ದುಬೈಯಲ್ಲಿದ್ದ. ಸೇಡಂನ ಚಿಕ್ಕಮ್ಮ ಖಾಲಾಗೂ ಚಿಂಚೋಳಿಯ ಮಾಮಾಗೂ ಅಮ್ಮಿ ಅದನ್ನೇ ಹೇಳಿದ್ದಳು. ನನ್ನ ನಿಕಾಹ್ ಆಗುವವರೆಗೆ ಹೀಗೇ ಇರಲಿ ಅಂತ. ನನ್ನ ಹೆಸರಿನಲ್ಲಿ ಸುಳ್ಳು, ನನ್ನನ್ನು ಕೇಳಿದವರಿಲ್ಲ.

ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಆದರೆ ಅಣ್ಣನ ಫೋನ್ ಬಂದರೆ ಅಮ್ಮಿ ಹೊರಗಿನ ಕಟ್ಟೆಗೆ ಹೋಗಿ ಕನ್ನಡಕ್ಕೆ ತಿರುಗುತ್ತಿದ್ದಳು, ಅದೂ ಗಟ್ಟಿ ದನಿಯಲ್ಲಿ. ದಖನಿ ಬಾರದ ಎದುರುಮನೆ ಅವ್ವನಿಗೆ ಕೇಳಿಸಬೇಕಲ್ಲ.

"ಆರಾಮ ಇದ್ದೀ ಏನಪ್ಪಾ? ಪಗಾರ ಆಯ್ತೇನು? ಸೇಠ್ ಛಲೋ ನೋಡ್ಕೊಳ್ಳಾಕತ್ತಾನ?"

ಜೋಳ ಕೇರುತ್ತ ಕೂತ ಅವ್ವ ಅಲ್ಲಿಂದಲೇ ಕೂಗುತ್ತಿದ್ದಳು: "ಅಲ್ಲಿ ಬಿಸಿಲು ನಮ್ ಶಹಾಬಾದಕ್ಕಿಂತ ಭಾಳೇನು ಕೇಳ್ರಿ! ಬರೂಮುಂದ ನನಗೊಂದು ಸೆಂಟಿನ ಬಾಟ್ಲಿ ತಾ ಅನ್ರಿ. ನಮ್ ಮುದುಕ ಇನ್ನಾ ಜೀವಂತ ಅದಾನ!"

ಅಮ್ಮಿ ನಗುತ್ತಿದ್ದಳು. ಅತ್ತ ಅಣ್ಣನ ನಿಮಿಷಗಳು ಮುಗಿಯುತ್ತಿದ್ದವು.

ಹನ್ನೊಂದನೆಯ ಕರೆಯಲ್ಲಿ ನಾನೂ ಕಿವಿ ಹಚ್ಚಿದ್ದೆ. ದವಡೆ ಹಲ್ಲು ನೋಯುತ್ತಿದೆ, ಅನ್ನ ಅಗಿಯಲಾಗುತ್ತಿಲ್ಲ ಎಂದು ಅಣ್ಣ ಹೇಳಿದ.

"ಬಿರಿಯಾನಿ ಮಾಡಿದ್ರಾ? ಹೊಟ್ಟಿ ತುಂಬ ತಿನ್ನು," ಎಂದಳು ಅಮ್ಮಿ.

ಅಣ್ಣ ಫೋನ್ ನನಗೆ ಕೊಡಿಸಿದ. "ದುಬೈಯಲ್ಲಿ ನೆಟ್‌ವರ್ಕ್ ಹೋಗಿದೆ ಅಂತ ಅಮ್ಮಿಗೆ ಹೇಳು. ಮುಂದಿನ ಮಂಗಳವಾರ ಒಂದು ಸಲ ಮಾಡುತ್ತೇನೆ. ಹೀಗೇ ಆದರೆ ಅದೇ ಕೊನೆ."

"ಅವನು ನಿನ್ನ ಮಗನಾ, ಓಣಿಗೆ ತೋರಿಸುವ ಫೋಟೋನಾ?" ಎಂದು ಅಮ್ಮಿಯ ಮೇಲೆ ಹರಿಹಾಯ್ದೆ.

"ನೀನು ಗಂಡನ ಮನೆಗೆ ಹೋಗು, ಆಮೇಲೆ ಬೈ," ಎಂದಳು.

ಮುಂದಿನ ಮಂಗಳವಾರ ಫೋನ್ ನಾನೇ ಎತ್ತಿಕೊಂಡೆ. ಅದೇ ಕಟ್ಟೆಗೆ ಹೋದೆ. ಅಮ್ಮಿಯ ಹಾಗೆಯೇ ಕನ್ನಡದಲ್ಲಿ, ಅಷ್ಟೇ ಗಟ್ಟಿಯಾಗಿ ಕೇಳಿದೆ: "ಜೈಲಿನ್ಯಾಗ ಡಾಕ್ಟರ್‌ಗೆ ಹಲ್ಲು ತೋರ್ಸಿದ್ಯೋ ಇಲ್ಲೋ?"

ಎದುರಿಗೆ ಅವ್ವನ ಕೈಯ ಮೊರ ನಿಂತಿತು. ಅಮ್ಮಿ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾತಾಡೋ, ನಿಮಿಷಗಳು ಹೋಗುತ್ತಿವೆ ಎಂದು ಅಣ್ಣನನ್ನು ಗದರಿದೆ. ಆಗ ಶುರು ಮಾಡಿದ. ಹಲ್ಲು, ನೀರು ನೀರು ಬೇಳೆ, ಸೊಳ್ಳೆ, ಮುಖ ತೋರಿಸದ ವಕೀಲ. ಕಟ್ ಆಗುವವರೆಗೂ ಹೇಳಿದ.

"ಸೆಂಟಿನ ಬಾಟ್ಲಿ ಹೋತು ಅನ್ನು," ಎಂದು ಎದುರುಮನೆ ಅವ್ವ ಮತ್ತೆ ಮೊರ ಹಿಡಿದಳು.

ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಚಿಂಚೋಳಿಯ ಮಾಮಾ ಫೋನ್ ಮಾಡಿ ನನಗೇ ಬೈದ. ಅಮ್ಮಿ ವಾರವಿಡೀ ನನ್ನೊಂದಿಗೆ ಮಾತು ಬಿಟ್ಟಳು. ಬಿಡಲಿ.

ಅದರ ಮುಂದಿನ ಮಂಗಳವಾರ ಅವಳು ಫೋನ್ ಹಿಡಿದು ಕಟ್ಟೆಯವರೆಗೆ ಹೋದಳು, ತಿರುಗಿ ಒಳಗೆ ಬಂದು ಒಲೆಯ ಹತ್ತಿರ ಕೂತಳು. ಹಲ್ಲು ಹೇಗಿದೆಯೋ ಎಂದು ದಖನಿಯಲ್ಲಿ, ಮೆಲ್ಲಗೆ ಕೇಳಿದಳು: "ದಾಂತ್ ಕೈಸಾ ಹೈ ರೇ?"

ಹಲ್ಲು ಕಿತ್ತು ಆಗಲೇ ನಾಲ್ಕು ದಿನವಾಗಿತ್ತು.