ಸವೆದ ರೂಪಾಯಿಯ ವಯಸ್ಸು

ಹಾವೇರಿಯಲ್ಲಿ ಹಳೆ ನಾಣ್ಯ ಮಾರುವ ಸಾಹುಕಾರನೊಬ್ಬ ನನಗೆ ಒಂದು ಬೆಳ್ಳಿ ರೂಪಾಯಿ ತೋರಿಸುತ್ತಿದ್ದ. ರಾಜನ ಮುಖ ಸವೆದು ಬೋಳಾಗಿತ್ತು. ಇಸವಿ ಭೂತಗನ್ನಡಿಗೂ ಸಿಗುತ್ತಿರಲಿಲ್ಲ.

"ಇಸವಿ ಸಹಿತ ಅಳಿಸಿ ಹೋಗೇತಿ ಅಂದ್ರ ಎಷ್ಟು ಹಳೇದಿರಬೇಕು, ನೀವ ವಿಚಾರ ಮಾಡ್ರಿ" ಎಂದು ಬೆಳ್ಳಿಯ ನಾಲ್ಕು ಪಟ್ಟು ಬೆಲೆ ಹೇಳಿದ. ನಾನು ಒಪ್ಪಿ ಜೇಬಿಗೆ ಕೈ ಹಾಕಿದ್ದೆ.

ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಬಂದು, ಸೆರಗಿನ ಗಂಟು ಬಿಚ್ಚಿ ಅಂಥದೇ ರೂಪಾಯಿ ಇಟ್ಟಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವಾಕೆ. ಘಾಟಿಗೆ ಕೆಮ್ಮು ಹತ್ತಿದೆ, ಇದನ್ನು ಮಾರಿ ಒಂದು ಹೊಲಿಗೆ ಮಷೀನು ತಗೊಂಡು ಮನೆಯಲ್ಲೇ ದುಡಿಯಬೇಕು ಅಂದಳು.

ಸಾಹುಕಾರ ಅದನ್ನು ತಕ್ಕಡಿಗೆ ಹಾಕಿದ. "ಇಸವೀನ ಕಾಣವಲ್ದಲ್ಲವ್ವಾ. ತೂಕದ ರೊಕ್ಕ ಅಷ್ಟ ಬರ್ತೇತಿ."

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ನಂದನ್ನೂ ತಕ್ಕಡಿಗೆ ಹಾಕ್ರಿ" ಎಂದೆ.

"ಅದು ಬ್ಯಾರೆ ಸರ್. ಅದು ಕಾಲದಾಗ ಸವದದ್ದು. ಇದನ್ನ ವರ್ಷಾ ವರ್ಷಾ ಲಕ್ಷ್ಮೀಪೂಜಾಕ್ಕ ಹುಣಸೀಹಣ್ಣು, ಬೂದಿ ಹಚ್ಚಿ ತಿಕ್ಕ್ಯಾರ."

"ನಮ್ಮತ್ತಿ ತಿಕ್ಕಿದ್ಲು, ಆಕಿ ಅತ್ತಿ ತಿಕ್ಕಿದ್ಲು, ಈಗ ನಾ ತಿಕ್ಕಾಕತ್ತೇನಿ" ಎಂದು ಆಕೆ ಕೆಮ್ಮುತ್ತಲೇ ಕೇಳಿದಳು. "ಅದು ಕಾಲ ಅಲ್ಲೇನ್ರಿ, ಸಾವ್ಕಾರ್ರ?"

ಸಾಹುಕಾರ ಭೂತಗನ್ನಡಿ ಒರೆಸತೊಡಗಿದ. ನಾನು ಅವನ ರೂಪಾಯಿಯನ್ನು ಅವನಿಗೇ ಬಿಟ್ಟೆ. ನನಗೆ ಹೇಳಿದ್ದ ಬೆಲೆಯನ್ನೇ ಅವನೆದುರಿಗೆ ಆಕೆಯ ಕೈಗಿಟ್ಟು, ಆಕೆಯ ರೂಪಾಯಿ ಕೊಂಡೆ. ಹಳೆ ಮಷೀನಿಗೆ ಸಾಕು ಎಂದು ಆಕೆ ನಡೆದಳು.

ಆ ರೂಪಾಯಿ ಎಷ್ಟು ಹಳೆಯದು ಎಂದು ನೋಡಿದವರೆಲ್ಲ ಕೇಳುತ್ತಾರೆ. ನೀವು ಕೊಳ್ಳುವವರೋ ಮಾರುವವರೋ ಮೊದಲು ಹೇಳಿ, ಆಮೇಲೆ ವಯಸ್ಸು ಹೇಳುತ್ತೇನೆ ಎನ್ನುತ್ತೇನೆ.